ಬುಧವಾರದ ಬಾಗಿಲು

ನಾನು ಇಂಥವರ ಮಗಳು ಅಂತ ಗೊತ್ತಾದ ತಕ್ಷಣ ಶಿಡ್ಲಘಟ್ಟದ ಜನ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಎಷ್ಟು ಓದಿದ್ದೀಯ, ಯಾವ ಕಾಲೇಜಲ್ಲಿ ಪಾಠ ಮಾಡ್ತೀಯ, ಮಕ್ಕಳೆಷ್ಟು, ಇವೆಲ್ಲ ಆಮೇಲೆ. ಮೊದಲು, "ಅಲ್ಲಾ ಕಣಮ್ಮ, ಬಾಗಿಲು ತಟ್ಟಿದ್ದು ಯಾರು?" ಮೂವತ್ತು ವರ್ಷ ದಾಟಿತು, ಇನ್ನೂ ಕೇಳುತ್ತಲೇ ಇದ್ದಾರೆ. ಹಾಲಿನ ಡೇರಿ ಮುಂದೆ ಕೇಳಿದ್ದಾರೆ, ಮದುವೆ ಪಂಕ್ತಿಯಲ್ಲಿ ಕೇಳಿದ್ದಾರೆ. ನಾನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಒರಗಿರುವಾಗ ಡಾಕ್ಟರೇ ಕೇಳಿದ್ದಾರೆ. ಉತ್ತರ ನನಗೂ ಗೊತ್ತಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಮಾಡಿದವರು ನಮ್ಮಪ್ಪ. ತಾಪತ್ರಯ ಅದೇ.

೧. ಉಪ್ಪು ತರಲು ಹೋದವನು

ಆಗ ಟೀವಿಯಲ್ಲಿ ಪ್ರತಿ ಬುಧವಾರ ಸಂಜೆ ಒಂದು ಧಾರಾವಾಹಿ ಬರುತ್ತಿತ್ತು. ಅದಕ್ಕೆ ಉದ್ದದ್ದೊಂದು ಕವಿತೆಯಂಥ ಹೆಸರಿತ್ತು, ನಮ್ಮ ಕಡೆ ಅದು ಯಾರ ಬಾಯಲ್ಲೂ ನಿಲ್ಲಲಿಲ್ಲ. ಎಲ್ಲರೂ "ಬುಧವಾರ" ಅಂತಲೇ ಕರೆದರು. "ಈ ಸಲದ ಬುಧವಾರ ಯಾಕೋ ಸಪ್ಪೆ ಕಣೇ" ಅಂತ ಗುರುವಾರ ಬೆಳಗ್ಗೆ ಬೀದಿ ನಲ್ಲಿ ಹತ್ತಿರ ಮಾತಾಡಿಕೊಳ್ಳುತ್ತಿದ್ದರು.

ಕತೆ ಇಷ್ಟೇ. ಒಲೆ ಮೇಲೆ ಸಾರು ಕುದಿಯುತ್ತಿದೆ. "ಉಪ್ಪು ತರ್ತೀನಿ" ಅಂತ ಗಂಡ ಎದ್ದು ಹೋಗುತ್ತಾನೆ, ವಾಪಸು ಬರುವುದಿಲ್ಲ. ವಾರ ವಾರ ಯಾರೋ ಒಬ್ಬರು ಬಂದು ಅವನನ್ನು ಅಲ್ಲಿ ನೋಡಿದೆ, ಇಲ್ಲಿ ನೋಡಿದೆ ಅನ್ನುತ್ತಾರೆ. ಹೆಂಡತಿ ಕಾಯುತ್ತಾಳೆ. ಅವಳ ಜೊತೆ ನಮ್ಮಮ್ಮನೂ ಕಾದಳು, ಇಡೀ ತಾಲ್ಲೂಕೂ ಕಾಯಿತು. ಚಿತ್ರೀಕರಣ ಆಗಿದ್ದು ನಂದಿಯ ಹಳೇ ಮನೆಯೊಂದರಲ್ಲಿ, ಬರೆದವರು ದಿಬ್ಬೂರಹಳ್ಳಿಯ ಹೆಣ್ಣುಮಗಳು. ಹಾಗಾಗಿ ಅದು ನಮಗೆ ಟೀವಿ ಕತೆ ಅನ್ನಿಸುತ್ತಲೇ ಇರಲಿಲ್ಲ, ಪಕ್ಕದ ಬೀದಿಯ ಸಮಾಚಾರ ಅನ್ನಿಸುತ್ತಿತ್ತು.

ಇವತ್ತಿಗೂ ನಮ್ಮ ಕಡೆ ಯಾರದಾದರೂ ಕುರ್ಚಿ ಖಾಲಿ ಇದ್ದರೆ "ಉಪ್ಪು ತರೋಕೆ ಹೋಗವ್ರೆ" ಅನ್ನುತ್ತಾರೆ. ಒಂದು ಆಫೀಸಿಗೆ ದೂರದ ಊರಿಂದ ಹೊಸ ಅಧಿಕಾರಿ ವರ್ಗವಾಗಿ ಬಂದರು. ಗುಮಾಸ್ತರೆಲ್ಲಿ ಅಂತ ಮೂರು ಸಲ ಕೇಳಿದರು. ಜವಾನ ಮೂರು ಸಲವೂ ಇದೇ ಉತ್ತರ ಕೊಟ್ಟ. ಸಂಜೆಯೊಳಗೆ ಗುಮಾಸ್ತರ ಮೇಜಿನ ಮೇಲೆ ನೋಟಿಸು ಬಿತ್ತು: "ಕಚೇರಿ ವೇಳೆಯಲ್ಲಿ ದಿನಸಿ ಖರೀದಿ ನಿಷೇಧಿಸಿದೆ."

೨. ತಂತಿ

ಕೊನೆಯ ಬುಧವಾರ ಬಂತು. ಟೀವಿಯಲ್ಲಿ ಹೆಂಡತಿ ದೀಪ ಹಚ್ಚಿದಳು. ಯಾರೋ ಬಾಗಿಲು ತಟ್ಟಿದರು. ಅವಳು ಎದ್ದಳು, ಸೆರಗು ಸರಿಮಾಡಿಕೊಂಡಳು, ಚಿಲಕಕ್ಕೆ ಕೈ ಹಾಕಿದಳು. ಕರೆಂಟು ಹೋಯಿತು.

ನಮ್ಮಪ್ಪ ಆಗ ಶಿಡ್ಲಘಟ್ಟದಲ್ಲಿ ಲೈನ್‌ಮನ್. ಹಿಪ್ಪುನೇರಳೆ ತೋಟವೊಂದರಲ್ಲಿ ತಂತಿ ಹರಿದು ಬಿದ್ದಿದೆ ಅಂತ ಸುದ್ದಿ ಬಂದಿತ್ತು. ಸೊಪ್ಪು ಕುಯ್ಯುವವರು ಯಾರಾದರೂ ತುಳಿದರೆ ಗತಿಯೇನು ಅಂತ ಅಪ್ಪ ತಾಲ್ಲೂಕಿನ ಲೈನನ್ನೇ ಕಟ್ ಮಾಡಿದ್ದರು. ಜನ ಟೀವಿ ನೋಡುವ ಹೊತ್ತಿನಲ್ಲಿ ಯಾವಾಗಲೂ ಯಾವುದಾದರೊಂದು ಕಂಬದ ಮೇಲಿರುತ್ತಿದ್ದ ಮನುಷ್ಯ ಅವರು. ಅವತ್ತು ಕತೆ ಮುಗಿಯುತ್ತದೆ ಅಂತಲೂ ಅವರಿಗೆ ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ತೋಟದ ಯಜಮಾನ ಮನೆಗೆ ಬಂದ. ಉಪಕಾರ ನೆನೆಯಲು ಬಂದಿರಬೇಕು ಅಂದುಕೊಂಡು ಅಮ್ಮ ಕಾಫಿ ಕೊಟ್ಟಳು. ಅವನು ಪೂರ್ತಿ ಕುಡಿದು ಲೋಟ ಕೆಳಗಿಟ್ಟ.

"ಅಲ್ಲ ಸಾಮಿ, ತಂತಿ ಬಿದ್ರೆ ಬಿತ್ತು. ಅದೇನು ಎದ್ದು ಓಡೋಗ್ತಿತ್ತಾ? ಐದು ನಿಮಿಷ ತಡ್ಕೊಳ್ಳೋಕೆ ನಿಮ್ಗೇನಾಗಿತ್ತು?"

"ನಿಮ್ಮ ಹೆಣ್ಣಾಳುಗಳು ತೋಟದಲ್ಲಿದ್ರೆ ಏನಪ್ಪಾ ಗತಿ?" ಅಂದರು ಅಪ್ಪ.

"ತೋಟದಲ್ಲಿ ಯಾರಿದ್ರು? ಎಲ್ರೂ ನಮ್ಮನೇಲಿ ಟೀವಿ ಮುಂದೆ ಕೂತಿದ್ರು!"

ಅಮ್ಮ ಮಾತ್ರ ಕೂಗಾಡಲಿಲ್ಲ. ಕೂಗಾಡಿದ್ದರೆ ಅಪ್ಪನಿಗೆ ಹಗುರಾಗುತ್ತಿತ್ತೋ ಏನೋ. ಅವಳು ಸುಮ್ಮನೆ ಬುಧವಾರದ ಸಾರಿಗೆ ಉಪ್ಪು ಹಾಕುವುದನ್ನು ನಿಲ್ಲಿಸಿದಳು. ಅಪ್ಪ ತಟ್ಟೆಯಿಂದ ತಲೆಯೆತ್ತಿ "ಉಪ್ಪು?" ಅಂದರೆ, "ತರೋಕೆ ಹೋದೋರು ಬಂದ್ರೋ ಇಲ್ವೋ ಅಂತ ಗೊತ್ತಾಗ್ಲಿ, ಹಾಕ್ತೀನಿ" ಅನ್ನುತ್ತಿದ್ದಳು.

೩. ಕಣ್ಣಾರೆ ಕಂಡವರು

ಬೇರೆ ಊರುಗಳಲ್ಲಿ ಕರೆಂಟಿತ್ತಲ್ಲ, ಅಲ್ಲಿಯವರನ್ನು ಕೇಳಬಹುದಿತ್ತಲ್ಲ ಅಂತ ನೀವು ಅನ್ನಬಹುದು. ಕೇಳಿದೆವು. ಬಾಗಿಲು ತೆಗೆದಾಗ ಹೊರಗಿನ ಬೆಳಕು ಕಣ್ಣಿಗೆ ರಾಚಿ ಮುಖ ಸರಿಯಾಗಿ ಕಾಣಲಿಲ್ಲ ಅನ್ನುವುದೊಂದನ್ನು ಎಲ್ಲರೂ ಒಪ್ಪಿದರು. ಆಮೇಲೆ ಚಿಕ್ಕಬಳ್ಳಾಪುರದ ನಮ್ಮ ಸೋದರತ್ತೆ, ಬಂದವನು ಗಂಡನೇ ಅಂತ ಆಣೆ ಇಟ್ಟರು. ಗೌರಿಬಿದನೂರಿನ ಚಿಕ್ಕಪ್ಪ, ಅದು ಪೊಲೀಸು, ಕೈಯಲ್ಲಿ ಲಾಠಿ ಇತ್ತು ಅಂದರು. ಲಾಠಿಯಲ್ಲ, ಅದು ಛತ್ರಿ ಅಂತ ಚಿಕ್ಕಮ್ಮ. ಆ ಜಗಳದಲ್ಲಿ ಇಬ್ಬರೂ ಎರಡು ದಿನ ಮಾತು ಬಿಟ್ಟರು. ಚಿಂತಾಮಣಿಯ ಭಾವನವರನ್ನು ಕೇಳಿದರೆ, "ನಮ್ಗೆ ಆ ಪೀಕಲಾಟವೇ ಇಲ್ಲ, ನಾವು ಕ್ರಿಕೆಟ್ ನೋಡ್ತಿದ್ವಿ" ಅಂದರು.

ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು ಸೊಪ್ಪು ಬಿಡಿಸುತ್ತಾ ಹೇಳಿದಳು: "ಪರ್ವಾಗಿಲ್ಲ ಬಿಡು, ಕರೆಂಟ್ ಇದ್ದೋರೂ ನಮ್ಮ ಥರಾನೇ ಇದ್ದಾರೆ."

೪. ಹೆಣ್ಣು ನೋಡಲು ಬಂದ ಅಜ್ಜಿ

ನನ್ನನ್ನು ನೋಡಲು ಗಂಡಿನ ಕಡೆಯವರು ಚಿಂತಾಮಣಿಯಿಂದ ಬಂದರು. ಜೊತೆಗೆ ಹುಡುಗನ ಅಜ್ಜಿ. ಮನೆಮಾತು ತೆಲುಗು, ದನಿ ಕಂಚಿನ ಗಂಟೆ. ಆ ಕೊನೇ ಬುಧವಾರ ಅವರು ಶಿಡ್ಲಘಟ್ಟದ ತಂಗಿ ಮನೆಗೆ ಬಂದಿದ್ದರಂತೆ. ಅದು ನಮ್ಮ ಗ್ರಹಚಾರ.

ನಾನು ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದೇನೆ. ಅಜ್ಜಿ ನನ್ನತ್ತ ನೋಡಲೇ ಇಲ್ಲ. ಅಪ್ಪನನ್ನೇ ದಿಟ್ಟಿಸಿ, "ನುವ್ವೇನಾ ಆ ಲೈನ್‌ಮನ್?" ಅಂದರು.

ಅಪ್ಪ ನಾನೇ ಅಂತ ತಲೆಯಾಡಿಸಿದರು.

"ತಲುಪು ದಗ್ಗರ ಎವರಯ್ಯಾ?" ಬಾಗಿಲ ಹತ್ತಿರ ಯಾರಯ್ಯಾ ಇದ್ದದ್ದು ಅಂತ.

"ತೆಲೀದಮ್ಮಾ," ಗೊತ್ತಿಲ್ಲಮ್ಮಾ ಅಂದರು ಅಪ್ಪ, ಕೊಲೆ ಕೇಸಿನ ಆರೋಪಿಯ ಹಾಗೆ.

ಅಡುಗೆಮನೆಯಿಂದ ಅಮ್ಮ, "ಚೆನ್ನಾಗಿ ಕೇಳಿ ಅಜ್ಜಿ! ನಾನೂ ಅದನ್ನೇ ಕೇಳ್ತಾ ಇದ್ದೀನಿ!" ಅಂತ ಕೂಗಿದಳು. ಅಜ್ಜಿ ಎದ್ದು ಅಡುಗೆಮನೆಗೇ ಹೋದರು. ಅರ್ಧ ಗಂಟೆ ಇಬ್ಬರೂ ಒಳಗೆ. ಹುಡುಗನೂ ನಾನೂ ಹೊರಗೆ ಕೂತು, ನಮ್ಮ ಮದುವೆಯನ್ನು ಯಾರಾದರೂ ನೆನಪಿಸಿಕೊಂಡಾರೇ ಅಂತ ಕಾದೆವು.

ಹೊರಗೆ ಬಂದ ಅಜ್ಜಿ ತೀರ್ಪು ಕೊಟ್ಟರು. "ಹುಡುಗಿ ಆಗ್ಲಿ. ಬೀಗರೂ ಆಗ್ಲಿ. ಆದ್ರೆ ಛತ್ರದ ಕರೆಂಟ್ ಜವಾಬ್ದಾರಿ ನಮ್ದು!"

ಹೇಳಿದ ಹಾಗೇ ಮಾಡಿದರು. ನಮ್ಮ ಮದುವೆಯ ಫೋಟೋಗಳಲ್ಲಿ ಅರ್ಧದಷ್ಟರ ಹಿಂದೆ ಜನರೇಟರ್ ನಿಂತಿದೆ.

೫. ತಟ್ಟಿದ ಕೈ

ಅಮ್ಮ ಹೋಗಿ ಎರಡು ವರ್ಷವಾಯಿತು. ಕೊನೆಗೆ ಆಸ್ಪತ್ರೆಯಲ್ಲಿ, ಮಾತು ನಿಲ್ಲುವ ಮುಂಚೆ, ಅಪ್ಪನ ಕೈ ಹಿಡಿದು "ಗೊತ್ತಾಯ್ತೇನ್ರೀ?" ಅಂದಳು. ಏನು ಅಂತ ಅಪ್ಪ ಕೇಳಲಿಲ್ಲ. "ಇಲ್ಲ ಕಣೇ" ಅಂದರು, ಅಷ್ಟೇ. ಸುಮ್ಮನೆ ಯಾರದೋ ಹೆಸರು ಹೇಳಿಬಿಡಬಹುದಿತ್ತು ಅಂತ ನನಗೆ ಅನ್ನಿಸಿತು. ಅವರು ಸುಳ್ಳು ಹೇಳುವವರಲ್ಲ.

ಆಮೇಲೆ ಅವರಿಗೆ ಹಟ ಹಿಡಿಯಿತು. ಗೊತ್ತುಮಾಡಿಕೊಳ್ಳಲೇಬೇಕು, ಅವಳ ಫೋಟೋ ಮುಂದೆ ನಿಂತು ಹೇಳಲೇಬೇಕು. ನಾನು ಮೊಬೈಲಿನಲ್ಲಿ ಹುಡುಕಿದೆ. ಹಳೇ ಕಂತುಗಳನ್ನು ಯಾರೋ ಪುಣ್ಯಾತ್ಮರು ಹಾಕಿದ್ದರು, ಕೊನೆಯದೊಂದು ಇರಲಿಲ್ಲ. ಅಷ್ಟರಲ್ಲಿ, ಚಿತ್ರೀಕರಣದಲ್ಲಿ ಬಾಗಿಲು ತಟ್ಟಿದವನು ನಂದಿಯಲ್ಲೇ ಇದ್ದಾನೆ ಅಂತ ಯಾರೋ ಹೇಳಿದರು. ಹೋದೆವು. ದ್ರಾಕ್ಷಿ ಚಪ್ಪರದ ಕೆಳಗೆ ಮುದುಕನೊಬ್ಬ ಕೂತಿದ್ದ.

"ಬಾಗಿಲು ತಟ್ಟಿದ್ದು ನೀವೇನಾ?"

"ಹೂಂ ಸಾಮಿ, ಇದೇ ಕೈ!" ಬಲಗೈ ಎತ್ತಿ ತೋರಿಸಿದ.

ಅಪ್ಪ ಮುಂದಕ್ಕೆ ಬಾಗಿದರು. "ಹಂಗಾದ್ರೆ ಹೇಳಿ, ನೀವು ಯಾರು?"

"ನಾನಾ? ಈ ತೋಟದೋನು."

"ಅಲ್ಲಪ್ಪಾ, ಕತೇಲಿ?"

"ಅದು ನಂಗೇನ್ ಗೊತ್ತು ಸಾಮಿ? ತಟ್ಟು ಅಂದ್ರು, ತಟ್ದೆ. ಜೋರಾಯ್ತು, ಮೆಲ್ಲಗೆ ತಟ್ಟು ಅಂದ್ರು, ಮೆಲ್ಲಗೆ ತಟ್ದೆ. ಬಾಗ್ಲು ತೆಗಿಯೋಷ್ಟ್ರಲ್ಲಿ ಊಟಕ್ಕೆ ಕಳ್ಸಿದ್ರು."

ಅಪ್ಪನ ಮುಖ ನೋಡಿ ಮುದುಕನಿಗೆ ಅಯ್ಯೋ ಅನ್ನಿಸಿರಬೇಕು. ತನಗೆ ಗೊತ್ತಿದ್ದ ಒಂದೇ ಒಂದು ಗುಟ್ಟನ್ನು ಬಿಟ್ಟುಕೊಟ್ಟ. "ಅವತ್ತಿನ ಸಾರು ಮಾತ್ರ ಬಲೇ ಉಪ್ಪು ಸಾಮಿ."

೬. ಬರೆದವರು

ಹೋದ ವರ್ಷ ನಮ್ಮ ಕಾಲೇಜಿನ ಸಮಾರಂಭಕ್ಕೆ ಆ ಧಾರಾವಾಹಿ ಬರೆದ ಲೇಖಕಿಯನ್ನೇ ಕರೆಸಿದ್ದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕೂತರು. ಭಾಷಣ ಮುಗಿದು ತಿಂಡಿಗೆ ಎದ್ದಾಗ ನಾನು ಹತ್ತಿರ ಕರೆದುಕೊಂಡು ಹೋಗಿ "ನಮ್ಮ ತಂದೆ" ಅಂತಷ್ಟೇ ಪರಿಚಯ ಮಾಡಿಸಿದೆ. ಕೆಲಸ ಏನು ಅಂತ ಹೇಳಲಿಲ್ಲ.

ಅಪ್ಪ ಕೈ ಮುಗಿದರು. "ಅಮ್ಮಾ, ನಮ್ಮನೆಯವಳು ಸಾಯೋವರ್ಗೂ ಒಂದೇ ಕೇಳಿದ್ಲು. ಬಾಗಿಲು ತಟ್ಟಿದ್ದು ಯಾರು?"

ಲೇಖಕಿ ಅವರನ್ನೇ ನೋಡಿದರು. "ನನಗೂ ಗೊತ್ತಿಲ್ಲ ಸಾರ್. ಟೀವಿಯವ್ರು ಕತೆ ಎಳೀರಿ ಅಂದ್ರು, ಆಗಲ್ಲ ಅಂದೆ. ಕೊನೇ ಕಂತುಗಳನ್ನ ಬೇರೆ ಯಾರೋ ಬರೆದ್ರು. ಮೂಲದಲ್ಲಿ ಅದು ನಮ್ಮ ಚಿಕ್ಕಮ್ಮನ ಕತೆ. ಚಿಕ್ಕಪ್ಪ ನಿಜವಾಗ್ಲೂ ಉಪ್ಪು ತರ್ತೀನಿ ಅಂತ ಹೋದೋರು. ಅವತ್ತು ನಾನು ದಿಬ್ಬೂರಹಳ್ಳೀಲಿ ಚಿಕ್ಕಮ್ಮನ ಪಕ್ಕದಲ್ಲೇ ಕೂತು ನೋಡ್ತಿದ್ದೆ. ಟೀವೀಲಿ ಬಾಗಿಲು ತಟ್ಟಿದ್ರು, ಕರೆಂಟ್ ಹೋಯ್ತು. ಚಿಕ್ಕಮ್ಮ ಆ ಕತ್ತಲಲ್ಲೇ ಎದ್ದು ಹೋಗಿ ನಮ್ಮನೆ ಬಾಗಿಲು ತೆಗೆದ್ಲು."

"ಯಾರಿದ್ರು?" ಅಪ್ಪನ ಬಾಯಿಂದ ಉಸಿರಷ್ಟೇ ಬಂತು.

"ಪಕ್ಕದ ಮನೆಯವ್ರು. 'ನಿಮ್ಮನೇಲೂ ಹೋಯ್ತಾ?' ಅಂತ ಕೇಳೋಕೆ ಬಂದಿದ್ರು."

ನಾನು ನಕ್ಕುಬಿಟ್ಟೆ. ಲೇಖಕಿಯೂ ನಕ್ಕರು, ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು. ಅಪ್ಪ ನಗಲಿಲ್ಲ.

"ಚಿಕ್ಕಮ್ಮ ಇದ್ದಾರಾ?" ಅಂದರು.

"ಇಲ್ಲ ಸಾರ್, ಹೋದ್ರು." ಲೇಖಕಿ ಕನ್ನಡಕ ಮತ್ತೆ ಹಾಕಿಕೊಂಡರು. "ಅವತ್ತು ಕರೆಂಟ್ ತೆಗೆದ ಲೈನ್‌ಮನ್ ನಿಮ್ಮ ಶಿಡ್ಲಘಟ್ಟದೋನೇ ಅಂತೆ. ಇನ್ನೂ ಇದ್ದಾನಾ? ಸಿಕ್ಕಿದ್ರೆ ಒಂದು ಮಾತು ಕೇಳ್ಬೇಕಿತ್ತು."

ಅಪ್ಪ ನನ್ನತ್ತ ನೋಡಿದರು. ನಾನು ತಟ್ಟೆಯಲ್ಲಿದ್ದ ಲಾಡುವನ್ನು ನೋಡಿದೆ. ಹೆಂಡತಿಯ ಸಾವಿನ ಮಂಚದ ಪಕ್ಕದಲ್ಲೂ ಸುಳ್ಳು ಹೇಳದಿದ್ದ ಮನುಷ್ಯ ಗಂಟಲು ಸರಿಮಾಡಿಕೊಂಡರು.

"ಇಲ್ಲ ಕಣಮ್ಮ, ತೀರ್ಕೊಂಡ. ಒಳ್ಳೇ ಮನುಷ್ಯ."

"ಅಯ್ಯೋ ಪಾಪ! ಏನಾಗಿತ್ತು?"

"ಕರೆಂಟ್ ಹೊಡೀತು," ಅಂದರು ಅಪ್ಪ.