ತಾರಸಿ ಮೇಲೆ ಗಾಳಿ ಅಳೆಯೋರು

ನಾನೂ ನಮ್ಮ ಭಾವನೂ ತಾರಸಿ ಹತ್ತಿದ ಮೇಲೆ ಏನಾದರೊಂದು ಆಗದೆ ಕೆಳಗಿಳಿದದ್ದು ಕಡಿಮೆ. ಆಮೇಲೆ ಹೇಳಿದರೆ ಕೇಳಿದವರೆಲ್ಲ ನಗುತ್ತಾರೆ. ಆಗುವಾಗ ಮಾತ್ರ ನಮ್ಮಿಬ್ಬರ ಮುಖದಲ್ಲಿ ನಗು ಇರೋದಿಲ್ಲ.

ನಮ್ಮದು ಪಾಂಡವಪುರ. ಭಾವ ಅಂದರೆ ನಮ್ಮಕ್ಕನ ಗಂಡ, ಮೊದಲು ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಈಗ ಇಬ್ಬರೂ ಸೇರಿ ದೊಡ್ಡ ಕಟ್ಟಡಗಳ ತಾರಸಿ ಮೇಲಿರೋ ಎ.ಸಿ. ಯಂತ್ರಗಳಿಗೆ ಗಾಳಿ ಸೆನ್ಸರ್ ಕೂರಿಸಿ ವೈರಿಂಗ್ ಮಾಡುತ್ತೇವೆ. ಕೆಲಸ ಕೇಳೋಕೆ ಸುಲಭ. ಒಂದು ಸೆನ್ಸರ್ ಹೊರಗಿನ ಗಾಳಿ ಎಷ್ಟು ಬಿಸಿ ಅಂತ ನೋಡುತ್ತೆ, ಇನ್ನೊಂದು ಕಟ್ಟಡದೊಳಗಿಂದ ವಾಪಸ್ ಬರೋ ಗಾಳಿ ನೋಡುತ್ತೆ. ಹೊರಗಿನದೇ ತಣ್ಣಗಿದ್ದರೆ ಯಂತ್ರದ ಪಕ್ಕದ ತಗಡಿನ ಬಾಗಿಲು ತಾನೇ ತೆರೆದುಕೊಂಡು ಆ ಗಾಳಿಯನ್ನ ಒಳಗೆ ಬಿಡುತ್ತೆ. ಕಂಪ್ರೆಸರ್‌ಗೆ ರಜಾ, ಕರೆಂಟು ಉಳಿತಾಯ. ಹೊರಗೆ ಬಿಸಿಯಿದ್ದರೆ ಬಾಗಿಲು ಮುಚ್ಚಿಕೊಳ್ಳುತ್ತೆ. ಅಷ್ಟೇ. ಆದರೆ ಸೆನ್ಸರ್‌ಗೆ ಬಿಸಿ-ತಣ್ಣಗೆ ಬಿಟ್ಟರೆ ಬೇರೆ ಪ್ರಪಂಚ ಗೊತ್ತಿಲ್ಲ. ಕೆಲವು ಸಲ ನಮಗೂ ಗೊತ್ತಿರೋದಿಲ್ಲ.

ಒದ್ದೆ ಟವಲು

ಕೆ.ಆರ್.ಪೇಟೆಯಲ್ಲಿ ನಾವು ಸೆನ್ಸರ್ ಕೂರಿಸಿದ್ದ ಒಂದು ಗಾರ್ಮೆಂಟ್ಸ್‌ನಿಂದ ಫೋನ್ ಬಂತು. ಮಧ್ಯಾಹ್ನವಾದರೆ ಹೊಲಿಗೆ ಹಾಲಿನಲ್ಲಿ ಕೂರೋಕಾಗ್ತಿಲ್ಲ, ಇವತ್ತು ಒಬ್ಬ ಹೆಣ್ಣುಮಗಳು ತಲೆ ಸುತ್ತಿ ಮಷೀನ್ ಮೇಲೇ ಬಿದ್ದಳು ಅಂದರು. ಹೋಗೋ ಹೊತ್ತಿಗೆ ಅವಳನ್ನ ಬಾಗಿಲ ಹತ್ತಿರ ಕೂರಿಸಿ ನೀರು ಕುಡಿಸ್ತಿದ್ದರು. ನನಗೆ ಅವಳ ಮುಖ ನೋಡೋಕಾಗಲಿಲ್ಲ. ಸೀದಾ ಮೇಲೆ ಹತ್ತಿದೆವು.

ಸುಡುಬಿಸಿಲು. ಆದರೂ ತಗಡಿನ ಬಾಗಿಲು ಪೂರ್ತಿ ತೆರೆದು ನಿಂತಿದೆ, ಬೆಂಕಿಯಂಥ ಗಾಳಿಯನ್ನ ಒಳಗೆ ಎಳೀತಿದೆ. ಬಿಸಿಲು ತಾಗಬಾರದು ಅಂತ ನಾವು ನೆರಳಲ್ಲಿ ಹಾಕಿದ್ದ ಸೆನ್ಸರ್ ಮಾತ್ರ ಕಾಣಿಸಲಿಲ್ಲ. ಅದರ ಜಾಗದಲ್ಲಿ ಒಂದು ಒದ್ದೆ ಟವಲು ನೇತಾಡ್ತಿತ್ತು. ಒದ್ದೆ ಬಟ್ಟೆ ಸುತ್ತಿದರೆ ಯಾವ ಸೆನ್ಸರ್ ತಾನೇ ತಣ್ಣಗಿಲ್ಲ ಅನ್ನುತ್ತೆ?

ವಾಚ್‌ಮನ್ ಯಜಮಾನರನ್ನ ಕರೆದು ಕೇಳಿದೆ.

"ನಂದೇ ಸಾ. ನೆಳ್ಳಾಗೆ ಚೆಂದಾಗಿ ಕೊಕ್ಕೆ ಹೊಡ್ದಿದ್ರಲ್ಲ, ಪಾಪ, ನಂಗೇ ಇರ್ಬೇಕು ಅನ್ಕಂಡೆ."

ಕೆಳಗಿನ ಹುಡುಗಿ ವಿಷಯ ಹೇಳಿದಾಗ ಅವರು ಟವಲು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತರು. ಸಂಜೆವರೆಗೂ ನಮ್ಮ ಜೊತೆಯೇ ಇದ್ದು ಏಣಿ ಹಿಡಿದರು. ಭಾವ ಸೆನ್ಸರ್ ಕೆಳಗೆ ಒಂದು ಬೋರ್ಡು ಹಾಕಿ ದಪ್ಪಕ್ಷರದಲ್ಲಿ ಬರೆದರು: 'ಇಲ್ಲಿ ಬಟ್ಟೆ ಹಾಕಬಾರದು.'

ಹದಿನೈದು ದಿನಕ್ಕೆ ಮತ್ತೆ ಅದೇ ದೂರು. ಹೋಗಿ ನೋಡಿದರೆ ಬಟ್ಟೆಯಿಲ್ಲ. ಒದ್ದೆ ಗೋಣಿ ಸುತ್ತಿದ ನೀರಿನ ಬಾಟಲಿ ನೇತಾಡ್ತಿದೆ.

ವಾಚ್‌ಮನ್ ಯಜಮಾನರು ಬೋರ್ಡು ತೋರಿಸಿ ಅಂದರು, "ಗೋಣಿ ಬಟ್ಟೆ ಅಲ್ವಲ್ಲ ಸಾ?"

ಒಳಗೆ, ಹೊರಗೆ

ಎಲ್ಲ ತಪ್ಪೂ ಬೇರೆಯವರದೇ ಅನ್ನೋಹಾಗಿಲ್ಲ. ಶ್ರೀರಂಗಪಟ್ಟಣದಲ್ಲಿ ಹೆದ್ದಾರಿ ಪಕ್ಕದ ಒಂದು ಬಟ್ಟೆ ಅಂಗಡಿ. ಅಲ್ಲಿ ನಾವು ಕೂರಿಸಿದ ಯಂತ್ರ ಬೆಳಿಗ್ಗೆ ತಂಪು ಹೊತ್ತಲ್ಲಿ ಬಾಗಿಲು ಮುಚ್ಚಿಕೊಂಡು, ಮಧ್ಯಾಹ್ನ ಬಿಸಿಲಲ್ಲಿ ತೆರೆಯೋಕೆ ಶುರುಮಾಡಿತು. ಎರಡು ದಿನ ಹುಡುಕಿದೆವು. ಸೆನ್ಸರ್ ಬದಲಾಯಿಸಿದೆವು, ಬಾಗಿಲಿನ ಮೋಟಾರ್ ಬದಲಾಯಿಸಿದೆವು. ಇನ್ನೊಂದು ದಿನದಲ್ಲಿ ಸರಿಹೋಗದಿದ್ದರೆ ಬೇರೆಯವರನ್ನ ಕರೀತೀನಿ ಅಂತ ಮಾಲೀಕರು ಹೇಳಿಬಿಟ್ಟರು. ಭಾವನಿಗೆ ಆ ಮಾತಿನಿಂದ ತುಂಬ ನೋವಾಯಿತು. ಊಟ ಬಿಟ್ಟು ಕೂತರು.

ಮೂರನೇ ದಿನ ನಾನು ವೈರುಗಳನ್ನ ಒಂದೊಂದೇ ಹಿಡಿದು ನೋಡುತ್ತಾ ಹೋದೆ. ಎರಡೂ ವೈರುಗಳಿಗೆ ಭಾವ ಚೀಟಿ ಅಂಟಿಸಿದ್ದರು, 'ಒಳಗೆ' ಅಂತ ಒಂದಕ್ಕೆ, 'ಹೊರಗೆ' ಅಂತ ಇನ್ನೊಂದಕ್ಕೆ. ನಾನು ಚೀಟಿ ನೋಡಿ ಪ್ಯಾನಲ್‌ಗೆ ಜೋಡಿಸಿದ್ದೆ. 'ಒಳಗೆ' ಅನ್ನೋ ವೈರು ಹಿಡಿದು ಹೋದರೆ ಅದು ಹೊರಗಿನ ಸೆನ್ಸರ್ ಹತ್ತಿರ ಹೋಗಿ ನಿಂತಿತು.

"ಭಾವ, ಇದು ಹೊರಗಡೆ ಸೆನ್ಸರಿಂದಲ್ವಾ?"

"ಊಂ ಕಣ್ಲಾ."

"ಮತ್ತೆ 'ಒಳಗೆ' ಅಂತ ಬರ್ದಿದ್ದೀರಲ್ಲ?"

ಭಾವ ನನ್ನನ್ನ ಕನಿಕರದಿಂದ ನೋಡಿದರು. "ಆ ಗಾಳಿ ಎಲ್ಲಿಗ್ಲಾ ಓಗೋದು? ಒಳೀಕೆ ತಾನೇ? ಅಂಗೇ ಒಳಗಿನ್ ಗಾಳಿ ವೊರೀಕೆ ಬತ್ತದೆ. ಅದ್ಕೆ 'ಹೊರಗೆ' ಅಂತ ಬರ್ದಿವ್ನಿ. ಸರ್ಯಾಗೇ ಬರ್ದಿವ್ನಿ ಬುಡು, ನೀನು ಸರ್ಯಾಗ್ ಓದ್ನಿಲ್ಲ."

ವೈರು ಅದಲುಬದಲು ಮಾಡಿದೆ, ಯಂತ್ರ ಸರಿಹೋಯಿತು. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ನಗಲಿಲ್ಲ. ಆದರೆ ಅವತ್ತಿಂದ ಅವಳು ಸಂತೆಗೆ ಹೋಗಿದ್ದಾಗ ಭಾವ ಫೋನ್ ಮಾಡಿ "ಮನೆ ಒಳಗೇ ಇವ್ನಿ ಕಣೆ" ಅಂದರೆ, ಅಕ್ಕ ವಾಪಸ್ ಬಂದು ಮೊದಲು ಬೀದಿಯಲ್ಲಿ ಹುಡುಕುತ್ತಾಳೆ.

ಧಾರೆ ಹೊತ್ತು

ನಾಗಮಂಗಲದ ಕಲ್ಯಾಣ ಮಂಟಪದ್ದು ಮಾತ್ರ ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತೆ. ಕೆಲಸ ಮುಗಿದ ಮೇಲೆ ಮೊದಲನೇ ಮದುವೆ. ನೀವೂ ಇದ್ದು ಊಟ ಮಾಡಿಕೊಂಡು ಹೋಗಿ ಅಂತ ಮಂಟಪದವರು ಕರೆದಿದ್ದರು. ಹೆಣ್ಣಿಗೆ ತಾಯಿಯಿಲ್ಲ. ತಂದೆ ಹಾಲಿನ ಡೇರಿ ಕಾರ್ಯದರ್ಶಿ, ಬಿಗಿ ಮುಖದ ಮನುಷ್ಯ. ಬೆಳಿಗ್ಗೆಯಿಂದ ಒಬ್ಬರೇ ಓಡಾಡ್ತಿದ್ದರು.

ಬೆಳಗಿನ ಗಾಳಿ ತಂಪಾಗಿತ್ತು. ಸೆನ್ಸರ್ ಅದನ್ನ ಸರಿಯಾಗಿ ನೋಡಿತು. ಬಾಗಿಲು ಸರಿಯಾಗಿ ತೆರೆಯಿತು. ಭಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಆ ಹೊತ್ತಿಗೇ ಅಡುಗೆಮನೆಯಲ್ಲಿ ದೊಡ್ಡ ಬಾಣಲೆಗೆ ಒಣಮೆಣಸಿನಕಾಯಿ ಒಗ್ಗರಣೆ ಬಿತ್ತು. ಒಲೆಯ ಹೊಗೆಕೊಳವೆ ನಮ್ಮ ಬಾಗಿಲಿಂದ ನಾಲ್ಕೇ ಮಾರು ದೂರ. ನಾವು ಕೆಲಸ ಮಾಡಿದ ದಿನಗಳಲ್ಲಿ ಒಲೆ ಉರೀತಿರಲಿಲ್ಲ, ನಾವೂ ಕೇಳಿರಲಿಲ್ಲ.

ಅಪ್ಪ ಮಗಳ ಕೈ ಹಿಡಿದು ಧಾರೆಗೆ ನಿಂತಿದ್ದರು. ಘಾಟು ಇಡೀ ಹಾಲಿಗೆ ಇಳಿಯಿತು. ಪುರೋಹಿತರು ಮಂತ್ರದ ಮಧ್ಯೆ ಸೀನಿದರು. ಓಲಗದವನು ಕೆಮ್ಮುತ್ತಾ ಊದಿದ. ಸಾಲು ಸಾಲು ಜನ ಸೆರಗು, ವಲ್ಲಿ, ಕರ್ಚೀಫು ಹಿಡಿದು ಕಣ್ಣೊರೆಸಿಕೊಳ್ಳೋಕೆ ಶುರುಮಾಡಿದರು.

ನಾನು ತಾರಸಿಗೆ ಓಡಿ ಮೋಟಾರಿನ ವೈರು ಕಿತ್ತೆ. ಬಾಗಿಲು ಮುಚ್ಚಿತು. ಕೆಳಗೆ ಬಂದು ಹೆಣ್ಣಿನ ತಂದೆ ಮುಂದೆ ಕೈಮುಗಿದು, "ನಮ್ಮಿಂದ ತಪ್ಪಾಯ್ತು, ಯಜಮಾನ್ರೆ" ಅಂದೆ. ಅವರ ಕಣ್ಣು ಕೆಂಪಗಿತ್ತು. ನನ್ನನ್ನ ಪಕ್ಕಕ್ಕೆ ಕರಕೊಂಡು ಹೋದರು. ಏಟು ಬೀಳುತ್ತೆ ಅಂದುಕೊಂಡೆ.

"ಅವ್ಳವ್ವ ತೀರ್ಕಂಡಾಗ್ಲೂ ಮಗೀನ ಮುಂದೆ ನಾನು ಅಳ್ನಿಲ್ಲ ಕಣಪ್ಪ. ಇವತ್ತು ಧಾರೆ ಎರೆಯೋವಾಗ ತಡ್ಕಳಕ್ಕಾಗ್ದೆ ಓಯ್ತು. ಎಲ್ರೂ ಅಳ್ತಿದ್ರಲ್ಲ, ಯಾರ್ಗೂ ಗೊತ್ತಾಗ್ನಿಲ್ಲ. ಓಗು, ಊಟ ಮಾಡು."

ಹೋಗಿ ಊಟಕ್ಕೆ ಕೂತೆ. ಆ ಊಟದ ರುಚಿ ಏನಿತ್ತೋ ನೆನಪಿಲ್ಲ. ಮಾರನೇ ದಿನವೇ ಹೋಗಿ ಹೊಗೆಕೊಳವೆಯನ್ನ ಆಚೆ ಗೋಡೆಗೆ ತಿರುಗಿಸಿದೆವು.

ಆರು ತಿಂಗಳ ಮೇಲೆ ಸರ್ವೀಸ್‌ಗೆ ಅಲ್ಲಿಗೆ ಹೋದಾಗ, ಯಾರೋ ಹಿರಿಯರು ಮಗಳ ಮದುವೆಗೆ ಮಂಟಪ ಗೊತ್ತು ಮಾಡೋಕೆ ಬಂದಿದ್ದರು. ಊಟದ ಹಾಲು, ರೂಮು, ನೀರು ಎಲ್ಲ ವಿಚಾರಿಸಿಯಾಯಿತು. ಹೊರಡೋ ಮುಂಚೆ ಮ್ಯಾನೇಜರ್ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು:

"ಇಲ್ಲಿ ಒಂದು ಮದ್ವೇಲಿ ಧಾರೆ ಎರೆಯೋವಾಗ ಗಂಡಿನ್ ಕಡೆಯೋರೂ ಸೇರಿ, ಓಲಗದೋರ್ ತಂಕ ಎಲ್ರೂ ಅತ್ರಂತಲ್ಲ ಸಾಮಿ, ಅದ್ನ ಛತ್ರದೋರೇ ಮಾಡುಸ್ತೀರೋ, ಇಲ್ಲ ನಾವೇ ಜನ ಕರ್ಕಂಡ್ ಬರ್ಬೇಕೋ?"