ಸೀನಪ್ಪನ ಒಂದು ಪದದ ಇಂಗ್ಲಿಷ್

ಸೀನಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಫರ್ನಿಚರ್ ಅಂಗಡಿಯ ಗೋದಾಮಿಗೆ ಸೇರಿದ ಮೇಲೆ ಮರದ ಧೂಳಿಗೂ ಅವನ ಮೂಗಿಗೂ ಹಗೆ ಬೆಳೆದು, ಸೀನಿ ಸೀನಿಯೇ ಅವನು ಈ ಹೆಸರು ಸಂಪಾದಿಸಿದ್ದ. “ಒಂದೋ ಆ ಗೋದಾಮು ಬಿಡಿ, ಇಲ್ಲ ಮೂಗು ಬಿಡಿ” ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಮೂಗು ಬಿಡುವ ಹಾಗಿರಲಿಲ್ಲ. ಅಷ್ಟರಲ್ಲಿ ದೇವರೇ ಕಣ್ಣು ಬಿಟ್ಟ ಹಾಗೆ ಮುಂಭಾಗದ ಶೋರೂಮಿನ ಸೇಲ್ಸ್‌ಮನ್‌ನನ್ನು ಸಾಹುಕಾರರು ಮನೆಗೆ ಕಳಿಸಿದರು. ಶೋರೂಮಿನಲ್ಲಿ ಧೂಳಿನ ಸುಳಿವಿಲ್ಲ. ನೆತ್ತಿಯ ಮೇಲೆ ತಣ್ಣನೆಯ ಗಾಳಿ. ಗಿರಾಕಿ ಇಲ್ಲದಾಗ ಒರಗಲು ಬೇಕಾದಷ್ಟು ಸೋಫಾ. “ಗೋದಾಮಿನವರಲ್ಲೇ ಒಬ್ಬರನ್ನ ತಗೋತೀವಿ. ನಾಳೆ ಸಾಯಂಕಾಲ ನಮ್ಮ ಸೊಸೆ ನಿಮ್ಮನ್ನೆಲ್ಲ ಮಾತಾಡಿಸ್ತಾಳೆ” ಎಂದಿದ್ದರು ಸಾಹುಕಾರರು.

ಸೊಸೆ ಹೊರದೇಶದಲ್ಲಿ ಓದಿ ಬಂದವಳು. ಅಂಥವಳು ಮಾತಾಡಿಸುವುದೆಂದರೆ ಇಂಗ್ಲಿಷಿನಲ್ಲೇ ಎಂದು ಗೋದಾಮು ಒಮ್ಮತದಿಂದ ತೀರ್ಮಾನಿಸಿತು. ಹಳೆಯ ಸೇಲ್ಸ್‌ಮನ್ ಗಿರಾಕಿ ಹೊಸಿಲು ದಾಟುವ ಮೊದಲೇ ಇಂಗ್ಲಿಷಿನಲ್ಲಿ ಸ್ವಾಗತ ಕೋರುತ್ತಿದ್ದ. “ಅವನ ಇಂಗ್ಲಿಷೇ ಸಾಲಲಿಲ್ಲ ಅಂದ್ರೆ ಇವರಿಗೆ ಇನ್ನೆಂಥದು ಬೇಕೋ” ಎಂದು ಕ್ಯಾಶಿಯರ್ ಬೇರೆ ಹೆದರಿಸಿದ.

ಸೀನಪ್ಪನಿಗೆ ಇಂಗ್ಲಿಷು ಒಂದಕ್ಷರವೂ ಬಾರದು. ಪರೀಕ್ಷೆಯ ದಿನ ಬೆಳಿಗ್ಗೆ ಎದ್ದವನೇ ಮುಖ ಸಹ ತೊಳೆಯದೆ ಭಾವಮೈದನ ಮನೆಗೆ ಹೋದ. ಭಾವಮೈದ ಮಕ್ಕಳಿಗೆ ಟ್ಯೂಷನ್ ಹೇಳುವವನು. ಯಾರು ಏನು ಕೇಳಿದರೂ ಇಲ್ಲವೆನ್ನುವ ಜಾಯಮಾನದವನಲ್ಲ.

“ಒಂದು ದಿನದಲ್ಲಿ ಭಾಷೆ ಬರಲ್ಲ ಭಾವ. ಆದ್ರೆ ಒಂದು ಪದ ಬರುತ್ತೆ. ರನ್ ಅಂತ ಇದೆ ನೋಡಿ, ಅದೊಂದನ್ನ ಅರೆದು ಕುಡೀರಿ. ಓಡೋದಕ್ಕೂ ಅದೇ, ಮೆಷಿನ್ನು ನಡೆಯೋದಕ್ಕೂ ಅದೇ, ನಲ್ಲೀಲಿ ನೀರು ಸುರಿಯೋದಕ್ಕೂ ಅದೇ. ಯಾವ ಪ್ರಶ್ನೆ ಬಂದ್ರೂ ಎಲ್ಲೋ ಒಂದು ಕಡೆ ತಗುಲಿಕೊಳ್ಳುತ್ತೆ.”

“ಮೂಗು ಸೋರೋದಕ್ಕೆ?” ಸೀನಪ್ಪ ಆಸೆಯಿಂದ ಕೇಳಿದ.

“ಅದಕ್ಕೂ ಅದೇ.”

ಈ ಪದ ತನಗೆಂದೇ ಹುಟ್ಟಿದ್ದೆಂದು ಸೀನಪ್ಪನಿಗೆ ಆ ಕ್ಷಣವೇ ಖಾತ್ರಿಯಾಯಿತು. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ಬುತ್ತಿಯ ಮುಚ್ಚಳ ಒತ್ತುತ್ತಾ, “ನೀವು ಇರೋ ಹಾಗೇ ಹೋಗಿ ನಿಂತ್ಕೊಂಡ್ರೂ ಆಗುತ್ತೆ. ಇಲ್ಲದ ಉಸಾಬರಿ ಯಾಕೆ?” ಎಂದಳು. ಹೆಂಡತಿಯ ಮಾತನ್ನು ಸೀನಪ್ಪ ಎಂದಿನಂತೆ ಗೌರವದಿಂದ ಕೇಳಿ, ಎಂದಿನಂತೆ ಅಲ್ಲೇ ಬಿಟ್ಟು ಹೊರಟ.

ಅವನಿಗೊಂದು ಅಭ್ಯಾಸ. ಏನನ್ನೇ ಕಲಿಯಲಿ, ಗಟ್ಟಿಯಾಗಿ ಹೇಳಿಕೊಂಡರೆ ಮಾತ್ರ ತಲೆಗೆ ಹತ್ತುತ್ತಿತ್ತು. ಹಾಗಾಗಿ ಅವನು ಗೋದಾಮಿನ ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೆಲ್ಲ ಇಡೀ ಅಂಗಡಿಗೆ ಗುಟ್ಟು ತಿಳಿದುಹೋಯಿತು. ಯಾರೂ ನಗಲಿಲ್ಲ, ನಕ್ಕಿದ್ದರೇ ಚೆನ್ನಾಗಿತ್ತು. ಎಲ್ಲರೂ ಕಲಿಸಲು ಬಂದರು.

“ಬಟ್ಟೆ ಬಣ್ಣ ಬಿಟ್ರೂ ರನ್ನೇ” ಎಂದ ದಿಂಬು ಹೊಲಿಯುವ ಟೈಲರ್, ಅದನ್ನು ತೋರಿಸಲೆಂದು ಕೆಂಪು ಬಟ್ಟೆಯ ತುಂಡೊಂದನ್ನು ನೆನೆಸಿ ಹಿಂಡಿದ. ಅದು ಸೀನಪ್ಪ ಪರೀಕ್ಷೆಗೆಂದು ಹಾಕಿಕೊಂಡು ಬಂದಿದ್ದ ಬಿಳಿ ಅಂಗಿಯ ಮೇಲೆ ಪಾಠದ ಗುರುತು ಬಿಟ್ಟುಹೋಯಿತು.

“ಎಂಜಿನ್ ಶಬ್ದ ಕೇಳ್ರಿ, ಇದು ರನ್ನು” ಎಂದು ವ್ಯಾನ್ ಡ್ರೈವರ್ ಗಾಡಿ ಚಾಲೂ ಮಾಡಿ ಬಿಟ್ಟು, ಮಾತಿಗೆ ನಿಂತು, ಗೋದಾಮಿನ ತುಂಬ ಹೊಗೆ ಎಬ್ಬಿಸಿದ. ಸೀನಪ್ಪ ಸಾಲಾಗಿ ಸೀನಿದ.

ಕ್ಯಾಶಿಯರಿಗೆ ತನ್ನ ಇಂಗ್ಲಿಷಿನ ಮೇಲೆ ಬಲು ಅಭಿಮಾನ. ಅವನು ಗಲ್ಲಾದಿಂದ ಎದ್ದೇ ಬಂದ. “ಅಂಗಡಿ ನಡೆಸೋದೂ ರನ್ನು. ಚುನಾವಣೆಗೆ ನಿಲ್ಲೋದೂ ರನ್ನು” ಎಂದು ಕೈಬೀಸಿ ವಿವರಿಸುತ್ತಿದ್ದರೆ, ಸೀನಪ್ಪ ತಲೆಯಾಡಿಸುತ್ತಾ, ಬಾಯಲ್ಲಿ ರನ್ ಜಪಿಸುತ್ತಾ, ಕೈಗೆ ಸಿಕ್ಕ ಕುರ್ಚಿಗಳನ್ನು ವ್ಯಾನಿಗೆ ಏರಿಸುತ್ತಿದ್ದ. ಅವುಗಳಲ್ಲಿ ಕ್ಯಾಶಿಯರನ ಸ್ವಂತ ಕುರ್ಚಿಯೂ, ಅದರ ಬೆನ್ನಿಗೆ ನೇತುಹಾಕಿದ್ದ ಊಟದ ಚೀಲವೂ ಇದ್ದದ್ದು ವ್ಯಾನು ಹೋದ ಮೇಲೆ ಗೊತ್ತಾಯಿತು. ಕ್ಯಾಶಿಯರ್ ಅಂದು ನಿಂತೇ ಲೆಕ್ಕ ಬರೆದ. ಊಟದ ಹೊತ್ತಿಗೆ ಸೀನಪ್ಪ ತನ್ನ ಬುತ್ತಿಯನ್ನು ಅವನ ಮುಂದೆ ಸರಿಸಬೇಕಾಯಿತು. ಅದನ್ನು ತಿನ್ನುತ್ತಲೇ ಕ್ಯಾಶಿಯರ್, “ಇದ್ದದ್ದು ಮುಗಿದುಹೋದ್ರೆ ಅದೂ ರನ್ನೇ” ಎಂದು ಖಾಲಿ ಡಬ್ಬಿ ತೋರಿಸಿದ.

ಕಲಿಸಲು ಬಾರದವನೆಂದರೆ ಹೊರೆ ಹೊರುವ ಮೌನಿ ಒಬ್ಬನೇ. ಕೇಳಿದ್ದಕ್ಕೆ ಉತ್ತರ, ಮಿಕ್ಕಂತೆ ಬಾಯಿಗೆ ಬೀಗ.

ಸಂಜೆ ಎಲ್ಲರೂ ಶೋರೂಮಿನ ಹೊರಗೆ ನಿಂತರು. ಮೌನಿ ಮೊದಲು ಒಳಗೆ ಹೋಗಿ, ಹೋದಷ್ಟೇ ಬೇಗ ಬಂದ.

“ಏನಯ್ಯ ಕೇಳಿದ್ರು?”

“ಇಂಗ್ಲಿಷ್ ಬರುತ್ತಾ ಅಂದ್ರು. ಬರಲ್ಲ ಅಂದೆ.”

“ಅಯ್ಯೋ ಪಾಪ” ಎಂದರು ಎಲ್ಲರೂ. ಸೀನಪ್ಪ ಅವನ ಬೆನ್ನು ತಟ್ಟಿ ಸಮಾಧಾನ ಹೇಳಿಯೇ ಒಳಗೆ ಹೋದ.

ಒಳಗೆ ದೊಡ್ಡ ಕನ್ನಡಿ ಬೀರುವಿನ ಪಕ್ಕದಲ್ಲಿ ಸಾಹುಕಾರರೂ ಸೊಸೆಯೂ ಕುಳಿತಿದ್ದರು. ಆ ಬೀರುವನ್ನು ಎಷ್ಟು ಜನ ಕೇಳಿದರೂ ಸಾಹುಕಾರರು ಮಾರುತ್ತಿರಲಿಲ್ಲ. ಯಾಕೆಂದು ಯಾರಿಗೂ ತಿಳಿಯದು. ಸೊಸೆ ನಗುತ್ತಾ ಕೇಳಿದಳು. “ಬನ್ನಿ. ನಿಮಗೆ ಇಂಗ್ಲಿಷ್ ಬರುತ್ತಾ?”

ಸೀನಪ್ಪ ಎದೆ ಉಬ್ಬಿಸಿದ. “ಮೇಡಂ ಈಸ್ ರನ್ನಿಂಗ್ ಶಾಪ್. ವ್ಯಾನ್ ಈಸ್ ರನ್ನಿಂಗ್. ಕಲರ್ ಈಸ್ ರನ್ನಿಂಗ್” ಎಂದು ಅಂಗಿ ತೋರಿಸಿದ. ಅಷ್ಟರಲ್ಲಿ ಸೀನು ಬಂತು. ಅದನ್ನೂ ಬಿಡದೆ, “ಮೈ ನೋಸ್ ಈಸ್ ಆಲ್ಸೋ ರನ್ನಿಂಗ್” ಎಂದು ಮುಗಿಸಿದ.

ಸೊಸೆಯ ಮುಖದ ನಗು ಇಳಿದುಹೋಯಿತು. ಸಾಹುಕಾರರು ಹಣೆ ಚಚ್ಚಿಕೊಂಡರು.

“ನಿಮ್ಮನ್ನೇ ತಗೋಬೇಕು ಅಂತ ನಿನ್ನೆಯೇ ಮಾತಾಡ್ಕೊಂಡಿದ್ವಿ” ಎಂದಳು ಸೊಸೆ. “ಒಂದಕ್ಷರ ಇಂಗ್ಲಿಷ್ ಬರಲ್ಲ ಅಂದಿದ್ರು ಮಾವ.” ಅವಳು ಬೀರುವನ್ನು ಸ್ವಲ್ಪ ಸರಿಸಿದಳು. ಹಿಂದೆ ಒಂದು ಕುರ್ಚಿ, ಒಂದು ಪುಟ್ಟ ಫ್ಯಾನು. “ನಾನು ಕೂರೋದು ಇಲ್ಲಿ. ಗಂಡ ಹೆಂಡತಿ ಸಾಮಾನು ನೋಡೋಕೆ ಬರ್ತಾರೆ. ಎದುರಿಗೆ ಇರೋನಿಗೆ ಇಂಗ್ಲಿಷ್ ಬರಲ್ಲ ಅಂತ ಗೊತ್ತಾದ್ರೆ, ಯಾವುದು ಇಷ್ಟ ಆಯ್ತು, ಎಷ್ಟರವರೆಗೆ ಕೊಡಬಹುದು ಅಂತ ಅವನ ಮುಂದೇನೇ ಇಂಗ್ಲಿಷಲ್ಲಿ ಮಾತಾಡ್ಕೋತಾರೆ. ನಾನು ಕೇಳಿಸ್ಕೋತೀನಿ. ಹಳೇ ಮನುಷ್ಯ ಬಾಗಿಲಲ್ಲೇ ಇಂಗ್ಲಿಷ್ ಶುರು ಮಾಡಿ ಎಲ್ಲರ ಬಾಯಿ ಮುಚ್ಚಿಸ್ತಿದ್ದ.”

ಸೀನಪ್ಪ ಗಾಬರಿಯಿಂದ ಕೈಮುಗಿದ. “ನನಗೂ ಬರಲ್ಲ ಮೇಡಂ. ಇದೊಂದೇ ಪದ. ಬೆಳಿಗ್ಗೆ ಕಲಿತದ್ದು. ಬೇಕಾದ್ರೆ ಹೊರಗಿರೋರನ್ನ ಕೇಳಿ.”

ಬಾಗಿಲ ಸಂದಿಯಲ್ಲಿ ಕಿವಿಯಿಟ್ಟಿದ್ದವರಿಗೆ ಕೊನೆಯ ಮಾತು ಮಾತ್ರ ಸರಿಯಾಗಿ ಕೇಳಿಸಿತು. ಸ್ನೇಹಿತನ ಕೈ ಬಿಡಬಾರದೆಂದು ಎಲ್ಲರೂ ನುಗ್ಗಿ ಬಂದರು.

“ಸಂಕೋಚದ ಮನುಷ್ಯ ಮೇಡಂ, ಇಂಗ್ಲಿಷ್ ಚೆನ್ನಾಗಿ ಬರುತ್ತೆ” ಎಂದ ಟೈಲರ್.

“ನಾವೇ ಗ್ಯಾರಂಟಿ” ಎಂದ ಡ್ರೈವರ್.

“ನಾನೇ ಖುದ್ದಾಗಿ ನಿಂತು ಕಲಿಸಿದೀನಿ” ಎಂದ ಕ್ಯಾಶಿಯರ್. ಅವನು ಬೆಳಿಗ್ಗೆಯಿಂದ ನಿಂತಿದ್ದಂತೂ ನಿಜ.

ಶೋರೂಮು ಮೌನಿಯ ಪಾಲಾಯಿತು. ಸಾಹುಕಾರರು ನಿಟ್ಟುಸಿರು ಬಿಟ್ಟು, “ಹೋಗ್ಲಿ, ಕಲಿತ ವಿದ್ಯೆ ದಂಡ ಆಗಬಾರದು. ಹೊರಗಡೆಯಿಂದ ಬರೋ ಪೆಟ್ಟಿಗೆಗಳ ಮೇಲೆಲ್ಲ ಇಂಗ್ಲಿಷ್ ಬರೆದಿರುತ್ತೆ. ನಾಳೆಯಿಂದ ಅವನ್ನ ನೀನೇ ಓದಿ, ಬಿಚ್ಚಿ, ಹುಲ್ಲು ಕೊಡವಿ ಜೋಡಿಸು. ಆ ಹಿಂದಿನ ಕತ್ತಲೆ ಗೋದಾಮು ಇದೆಯಲ್ಲ, ಅದರಲ್ಲಿ” ಎಂದರು.

ಸೀನಪ್ಪ ಮನೆ ಸೇರುವಾಗ ಭಾವಮೈದ ಅಕ್ಕನೊಂದಿಗೆ ಬಾಗಿಲಲ್ಲೇ ಕಾದು ನಿಂತಿದ್ದ.

“ಇಂಗ್ಲಿಷ್ ಕೆಲಸಕ್ಕೆ ಬಂತಾ ಭಾವ?”

“ಬಂತಪ್ಪ” ಎಂದ ಸೀನಪ್ಪ. “ಗೋದಾಮು ಖಾಯಂ ಆಯ್ತು.” ಇನ್ನೂ ಏನೋ ಹೇಳುವುದಿತ್ತು, ಸೀನು ಬಿಡಲಿಲ್ಲ.