ಮೊಣಕಾಲಿನವರೆಗಿನ ಹೊಂದಾಣಿಕೆ

ಹವಾಮಾನ ಹೊಂದಾಣಿಕೆ ಸಾಮರ್ಥ್ಯವರ್ಧನಾ ಪ್ರಾದೇಶಿಕ ಕಚೇರಿಯ ನಾಮಫಲಕವು ಚರಂಡಿಯ ಪಕ್ಕದಲ್ಲಲ್ಲ, ಚರಂಡಿಯ ಒಳಗೇ ನಿಂತಿದೆ. ಫಲಕ ಭಾರಿಯದು, ಅದಕ್ಕೆ ತಕ್ಕ ಕಾಂಕ್ರೀಟು ಕಟ್ಟೆ ಬೇಕಿತ್ತು. ಕಟ್ಟೆಗೆ ಜಾಗ ಬೇಕಿತ್ತು. ಚರಂಡಿ ಖಾಲಿ ಇತ್ತು. ಮಳೆ ಬಂದಾಗ ನೀರು, ಪಾಪ, ಎಲ್ಲಿಗೆ ಹೋಗಬೇಕು? ಕಚೇರಿ ಇರುವುದು ಮಹಡಿಯ ಮೇಲೆ. ಹಾಗಾಗಿ ಕೆಳಗಿನ ಟೈಲರಮ್ಮನ ಅಂಗಡಿಗೇ ನುಗ್ಗುತ್ತಿತ್ತು.

ಟೈಲರಮ್ಮನ ಚಿಂತೆಯೆಲ್ಲ ಅಮ್ಮ ಬಿಟ್ಟುಹೋದ ಹೊಲಿಗೆ ಮಿಷನ್ನಿನದು. ಅದು ಕೆಟ್ಟರೆ ಮನೆಯ ಒಲೆಯೂ ಕೆಟ್ಟಂತೆ. ಪೆಡಲು ಆಗಲೇ ತುಕ್ಕು ಹಿಡಿದು ಕಿರ್ರೆನ್ನುತ್ತಿತ್ತು. ಮಿಷನ್ನನ್ನು ಇಟ್ಟಿಗೆಗಳ ಮೇಲೇರಿಸಿದಳು, ಬಟ್ಟೆಗಳನ್ನು ಛಾವಣಿಯ ಕೊಕ್ಕೆಗಳಿಗೆ ನೇತುಹಾಕಿದಳು, ಕೊನೆಗೆ ತಲೆಕೆಟ್ಟು ಮಹಡಿ ಹತ್ತಿದಳು.

“ಸಾರ್, ಆ ಕಟ್ಟೆ ಒಂಚೂರು ಒಡೆಸಿ. ನೀರು ಅದರ ಪಾಡಿಗೆ ಹೋಗುತ್ತೆ.”

ಸಾಮರ್ಥ್ಯಾಧಿಕಾರಿಗಳು ಕನ್ನಡಕ ಒರೆಸಿಕೊಂಡರು. “ನೋಡಮ್ಮ, ತೊಂದರೆ ನಿವಾರಣೆ ಬೇರೆ ಇಲಾಖೆ. ನಮ್ಮದು ಹೊಂದಾಣಿಕೆ. ತೊಂದರೇನೇ ಹೋಗ್ಬಿಟ್ರೆ ಜನ ಯಾವುದಕ್ಕೆ ಹೊಂದಿಕೊಳ್ಳಬೇಕು, ನೀನೇ ಹೇಳು?”

ಆದರೂ ಒಳ್ಳೆಯ ಮನುಷ್ಯರು. ಗುಮಾಸ್ತನನ್ನು ಕರೆದುಕೊಂಡು ಸ್ಥಳ ಪರಿಶೀಲನೆಗೆ ಇಳಿದರು. ಇಟ್ಟಿಗೆ ನೋಡಿದರು, ಕೊಕ್ಕೆ ನೋಡಿದರು, ಕಣ್ಣು ತುಂಬಿ ಬಂತು.

“ಅಬ್ಬಬ್ಬಾ, ಇಷ್ಟೊಂದು ಸಾಮರ್ಥ್ಯ! ಯಾರಮ್ಮ ತರಬೇತಿ ಕೊಟ್ಟವರು?”

“ಇನ್ಯಾರು ಸಾರ್, ಮಳೆ!” ಎಂದು ಸಿಡುಕಿದಳು.

ಗುಮಾಸ್ತ ಬರೆದುಕೊಂಡ. ಆದೇಶ ಹೊರಟಿತು: “ಮಳೆಯನ್ನು ಸಂಪನ್ಮೂಲ ವ್ಯಕ್ತಿಯನ್ನಾಗಿ ನೇಮಿಸಲಾಗಿದೆ. ಪ್ರಾದೇಶಿಕ ತರಬೇತಿಯು ಟೈಲರಮ್ಮನ ಅಂಗಡಿಯಲ್ಲಿ ನಡೆಯತಕ್ಕದ್ದು. ಸದರಿ ಅಂಗಡಿಯನ್ನು ಮಾದರಿಯೆಂದು ಘೋಷಿಸಿರುವುದರಿಂದ ಕಟ್ಟೆಯನ್ನು ಯಾರೂ ಮುಟ್ಟತಕ್ಕದ್ದಲ್ಲ.”

ಉದ್ಘಾಟನೆಯ ದಿನ ಮೈಕು ಬಂತು, ಹಾರ ಬಂತು, ದೊಡ್ಡ ಸಾಹೇಬರೂ ಬಂದರು. ಮಳೆ ಬರಲಿಲ್ಲ. ಅನುಮತಿಯಿಲ್ಲದೆ ಗೈರುಹಾಜರಾದ ಮಳೆಗೆ ನೋಟಿಸು ತಯಾರಾಯಿತು. ಯಾರ ಕೈಗೆ ಕೊಡುವುದೆಂದು ತಿಳಿಯದೆ ಗುಮಾಸ್ತ ತಾರಸಿಗೆ ಹೋಗಿ ಅಂಟಿಸಿ ಬಂದ. ಹಂಗಾಮಿ ಮಳೆಯಾಗಿ ನೀರಿನ ಟ್ಯಾಂಕರನ್ನು ಕರೆಸಲಾಯಿತು. ಡ್ರೈವರು ಅದರ ಬಾಯಿ ತೆರೆದದ್ದೇ ತಡ, ಅಸಲಿ ಮಳೆಯೂ ಧೋ ಎಂದು ಸುರಿಯಿತು. ನೋಟಿಸಿಗೆ ಹೆದರಿತೆಂದೇ ಕಚೇರಿಯ ನಂಬಿಕೆ.

ಅಯ್ಯೋ, ಆಮೇಲಿನ ಸಡಗರ ಏನು ಹೇಳೋಣ! ಕುರ್ಚಿಗಳು ತೇಲಿದವು, ಮೈಕು ಗೊರಗೊರ ಎಂದು ಮುಳುಗಿತು, ಸಾಮರ್ಥ್ಯಾಧಿಕಾರಿಗಳು ಕೊಕ್ಕೆಗೆ ಜೋತುಬಿದ್ದರು. ದೊಡ್ಡ ಸಾಹೇಬರು ಒಂದೇ ನೆಗೆತಕ್ಕೆ ಬಟ್ಟೆ ಕತ್ತರಿಸುವ ಮೇಜು ಹತ್ತಿ, “ಯಾವನ್ರೀ ಅಲ್ಲಿ ಕಟ್ಟೆ ಕಟ್ಟಿಸಿದ್ದು? ಒಡೀರಿ!” ಎಂದು ಕಿರುಚಿದರು.

ಮಿಷನ್ನಿನ ತಲೆಯನ್ನು ಕಳಚಿ ಎದೆಗವಚಿಕೊಂಡಿದ್ದ ಟೈಲರಮ್ಮನೂ ಅದೇ ಮೇಜು ಹತ್ತಿದಳು. ಅಳು ಬರಬೇಕಿತ್ತು, ನಗು ಬಂತು. “ನಿವಾರಣೆ ಬೇರೆ ಇಲಾಖೆ ಸಾರ್. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಹಾಗೇ ಆ ಕಡೆ ಸರೀರಿ, ಇದಕ್ಕೆ ಜಾಗ ಬೇಕು.”

ಸಾಹೇಬರು ಸರಿದರು. ತರಬೇತಿ ಯಶಸ್ವಿಯಾಯಿತೆಂದು ಕೊಕ್ಕೆಯಿಂದಲೇ ಘೋಷಣೆಯಾಯಿತು. ಚಪ್ಪಾಳೆ ತಟ್ಟಲು ಹೋದ ಸಾಮರ್ಥ್ಯಾಧಿಕಾರಿಗಳು ನೀರಿಗೆ ಬಿದ್ದರು.

ಮರುದಿನದ ಆದೇಶ ಹೀಗಿತ್ತು: “ಇನ್ನು ಮುಂದೆ ಸಿಬ್ಬಂದಿಯ ಪ್ಯಾಂಟುಗಳು ಮೊಣಕಾಲಿಗೇ ನಿಲ್ಲತಕ್ಕದ್ದು. ಕತ್ತರಿಸಿ ಹೊಲಿಯುವ ಕೆಲಸವನ್ನು ಟೈಲರಮ್ಮನಿಗೆ ವಹಿಸಲಾಗಿದೆ.” ಅಕ್ಕಪಕ್ಕದ ಕಚೇರಿಗಳೂ ನೋಡಿ ಕಲಿತವು. ಅಂಗಡಿಯಲ್ಲಿ ಪ್ಯಾಂಟುಗಳ ಗುಡ್ಡೆ ಬಿತ್ತು. ಟೈಲರಮ್ಮ ಎತ್ತರದ ಅಟ್ಟ ಕಟ್ಟಿಸಿ, ಅಮ್ಮನ ಮಿಷನ್ನಿಗೆ ಹೊಸ ಪೆಡಲು ಹಾಕಿಸಿ, ಅಲ್ಲಿಯೇ ಕೂತು ಹೊಲಿಯತೊಡಗಿದಳು.

ಮುಂದಿನ ಮಳೆಗಾಲದಲ್ಲಿ ನಿವಾರಣಾ ಇಲಾಖೆಯಿಂದ ಗಾರೆಯವನೊಬ್ಬ ಹಾರೆ ಹೊತ್ತು, ನೀರಿನಲ್ಲಿ ಪಚಪಚ ಹೆಜ್ಜೆ ಹಾಕುತ್ತ ಬಂದ.

“ಅಮ್ಮಾ, ಕಟ್ಟೆ ಒಡೆಯೋಕೆ ಹೇಳಿದಾರೆ.”

ಪೆಡಲು ನಿಂತಿತು. ಟೈಲರಮ್ಮ ಪ್ಯಾಂಟುಗಳ ಗುಡ್ಡೆ ನೋಡಿದಳು, ಮಿಷನ್ನಿನ ಬೆನ್ನು ಸವರಿದಳು.

“ಬೇಡ ಕಣಪ್ಪಾ, ಪುಣ್ಯಾತ್ಮ. ನನ್ನ ಹೊಟ್ಟೆ ಮೇಲೆ ಹೊಡೀಬೇಡ.”

ಗಾರೆಯವನು ಹಾರೆ ಕೆಳಗಿಟ್ಟ. ತನ್ನ ಒದ್ದೆ ಕಾಲುಗಳನ್ನೊಮ್ಮೆ ನೋಡಿಕೊಂಡ.

“ಆಯ್ತು ಬಿಡಿ. ನಂದೂ ಒಂದು ಪ್ಯಾಂಟಿದೆ, ಯಾವಾಗ ಕೊಡ್ತೀರಾ?”